ಕ್ರೆಡಿಟ್ ಕಾರ್ಡ್ ಕಳವು ಮತ್ತು ಡ್ರೈವಿಂಗ್ ಲೈಸೆನ್ಸ್ ದುರ್ಬಳಕೆ: ಅಮೆರಿಕದ ಅಪರಾಧ ಕಾನೂನಿನ ಇತಿಹಾಸ

ಬೇರೆಯವರ ಕ್ರೆಡಿಟ್ ಕಾರ್ಡ್ ಕದ್ದು ಖರ್ಚು ಮಾಡುವುದು, ಬೇರೆಯವರ ಡ್ರೈವಿಂಗ್ ಲೈಸೆನ್ಸ್ ತೋರಿಸಿ ತಾನೇ ಅವರೆಂದು ನಂಬಿಸುವುದು ಇವೆರಡೂ ಅಮೆರಿಕದಲ್ಲಿ ಇಂದು ಜೈಲು ಶಿಕ್ಷೆಗೆ ಒಳಪಡುವ ಅಪರಾಧಗಳು. ಎರಡೂ ಒಂದೇ ಪರ್ಸಿನಲ್ಲಿ ಇರುವಂಥವು. ಹಾಗಾಗಿ ಒಟ್ಟಿಗೇ ಕಳುವಾಗುತ್ತವೆ, ಆರೋಪಪಟ್ಟಿಯಲ್ಲೂ ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ. ಆದರೆ ಕಾನೂನು ಇಲ್ಲಿಗೆ ಬಂದು ಮುಟ್ಟಲು ಸುಮಾರು ಅರ್ಧ ಶತಮಾನ ಹಿಡಿಯಿತು. ಕಳವಿನ ಹಳೆಯ ಕಾನೂನು ವಸ್ತುವಿನ ಬೆಲೆ ನೋಡಿ ಶಿಕ್ಷೆ ಅಳೆಯುತ್ತಿತ್ತು. ಕಾರ್ಡಾದರೋ ಕೆಲವೇ ಸೆಂಟು ಬಾಳುವ ಪ್ಲಾಸ್ಟಿಕ್ ಚೂರು. ಕಳ್ಳನಿಗೆ ಬೇಕಾದದ್ದು ಆ ಚೂರಲ್ಲ, ಅದರ ಮೇಲೆ ಅಚ್ಚಾದ ಹೆಸರಿಗೆ ಅಂಗಡಿಯವನು ಕೊಡುವ ನಂಬಿಕೆ.

1950ರಲ್ಲಿ ನ್ಯೂಯಾರ್ಕ್‌ನಲ್ಲಿ ಡೈನರ್ಸ್ ಕ್ಲಬ್ ಆರಂಭವಾದಾಗ ಕಾರ್ಡು ರಟ್ಟಿನದಾಗಿತ್ತು, ಅದನ್ನು ಇಟ್ಟುಕೊಂಡವರೂ ಕೆಲವರೇ. ತೊಂದರೆ ದೊಡ್ಡದಾದದ್ದು 1958ರ ಸೆಪ್ಟೆಂಬರ್‌ನಲ್ಲಿ. ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ಯಾರೂ ಕೇಳದೆಯೇ 60,000 ಕಾರ್ಡುಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಬ್ಯಾಂಕಿನ ಲೆಕ್ಕದಲ್ಲಿ ನೂರರಲ್ಲಿ 4 ಖಾತೆಗಳು ಬಾಕಿ ಉಳಿಯಬೇಕಿತ್ತು, ನಿಜದಲ್ಲಿ 22 ಉಳಿದವು. ವಂಚನೆಯೂ ಅದರ ಬೆನ್ನಿಗೇ ಬಂತು. ಪಾಠ ಕಲಿತವರು ಕಡಿಮೆ. 1966ರ ಕೊನೆಯಲ್ಲಿ ಶಿಕಾಗೊ ಬ್ಯಾಂಕುಗಳು ಸುಮಾರು 50 ಲಕ್ಷ ಕಾರ್ಡುಗಳನ್ನು ಹೀಗೆಯೇ ಅಂಚೆಗೆ ಹಾಕಿದವು. ಮಕ್ಕಳ ಹೆಸರಿಗೂ ತೀರಿಕೊಂಡವರ ಹೆಸರಿಗೂ ಕಾರ್ಡು ಹೋಯಿತು, ಅಂಚೆಪೆಟ್ಟಿಗೆಯಿಂದ ಕಾರ್ಡು ಎತ್ತುವುದೇ ಒಂದು ಕಸುಬಾಯಿತು. ಆಗ ಅಂಗಡಿಯವರ ಕೈಯಲ್ಲಿ ಇದ್ದ ರಕ್ಷಣೆ ಎಂದರೆ ರದ್ದಾದ ಕಾರ್ಡುಗಳ ನಂಬರು ಅಚ್ಚಾದ ಪುಸ್ತಿಕೆ. ಮುಂದಿನ ಪುಸ್ತಿಕೆ ಬರುವವರೆಗೆ ಕದ್ದ ಕಾರ್ಡು ಸಲೀಸಾಗಿ ನಡೆಯುತ್ತಿತ್ತು. ತಾನು ಕೇಳದ, ಕಣ್ಣಲ್ಲೂ ನೋಡದ ಕಾರ್ಡಿನ ಬಿಲ್ಲು ಕೈಗೆ ಬಂದ ಮನೆಯವರ ಗಾಬರಿಯನ್ನು ಕಾನೂನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ರಾಜ್ಯಗಳು ಮೊದಲು ಎಚ್ಚೆತ್ತವು. ಕ್ಯಾಲಿಫೋರ್ನಿಯಾ 1967ರಲ್ಲಿ ತನ್ನ ದಂಡಸಂಹಿತೆಗೆ 484ಇ ಮತ್ತು ಅದರ ಮುಂದಿನ ಕಲಂಗಳನ್ನು ಸೇರಿಸಿತು. ಕಾರ್ಡನ್ನು ಕೈವಶ ಮಾಡಿಕೊಳ್ಳುವುದು, ನಕಲಿ ಮಾಡುವುದು, ಬಳಸುವುದು ಒಂದೊಂದೂ ಅಲ್ಲಿ ಬೇರೆ ಬೇರೆ ಅಪರಾಧವಾಯಿತು. ಒಂದೇ ಕಳವಿಗೆ ನಾಲ್ಕೈದು ಆರೋಪ ಬೀಳುವ ಇಂದಿನ ಪದ್ಧತಿಯ ಬೇರು ಇಲ್ಲಿದೆ. ಕೇಂದ್ರದ ಕಾಂಗ್ರೆಸ್ 1970ರ ಅಕ್ಟೋಬರ್ 26ರ ಕಾಯ್ದೆಯಲ್ಲಿ ಕೇಳದವರಿಗೆ ಕಾರ್ಡು ಕಳಿಸುವುದನ್ನು ನಿಷೇಧಿಸಿತು, ಕಾರ್ಡುದಾರನ ಹೊಣೆಯನ್ನು 50 ಡಾಲರಿಗೆ ಮಿತಗೊಳಿಸಿತು. ಈ ಇಡೀ ಇತಿಹಾಸದಲ್ಲಿ ಸಾಮಾನ್ಯ ಜನರಿಗೆ ಅತಿ ಹೆಚ್ಚು ಉಪಕಾರ ಮಾಡಿದ ಸಾಲು ಇದೇ ಎನ್ನಬೇಕು. ನಷ್ಟ ಬ್ಯಾಂಕಿನ ತಲೆಗೆ ಬಂದ ಮೇಲೆ ತಡೆಯುವ ದಾರಿಗಳನ್ನೂ ಬ್ಯಾಂಕೇ ಹುಡುಕಬೇಕಾಯಿತು. ಅದೇ ಕಾಯ್ದೆ ರಾಜ್ಯಗಳ ಗಡಿ ದಾಟುವ ಕಾರ್ಡ್ ವಂಚನೆಯನ್ನು ಅಪರಾಧವೆಂದಿತಾದರೂ ಮೊತ್ತ 5,000 ಡಾಲರ್ ಮುಟ್ಟಬೇಕೆಂಬ ಷರತ್ತು ಹಾಕಿತು. 1974ರಲ್ಲಿ ಅದು 1,000ಕ್ಕೆ ಇಳಿಯಿತು.

ಆ ಕಾಲದ ಕಾನೂನಿನ ಇಕ್ಕಟ್ಟು ತಿಳಿಯಲು 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮೇಜ್ ಪ್ರಕರಣವನ್ನು ನೋಡಬೇಕು. ಕೆಂಟಕಿಯ ಲೂಯಿವಿಲ್‌ನಲ್ಲಿ ಒಬ್ಬಾತ ತನ್ನ ರೂಮಿನ ಜೊತೆಗಾರನ ಕಾರ್ಡನ್ನೂ ಕಾರನ್ನೂ ತೆಗೆದುಕೊಂಡು ಹೊರಟ. ಕ್ಯಾಲಿಫೋರ್ನಿಯಾ, ಲೂಸಿಯಾನ, ಫ್ಲಾರಿಡದ ಮೋಟೆಲುಗಳಲ್ಲಿ ಜೊತೆಗಾರನ ಹೆಸರು ಹೇಳಿಕೊಂಡು ತಂಗಿದ. ಮೊಕದ್ದಮೆ ಹೂಡಿದವರು ಅಂಚೆ ವಂಚನೆಯ ಹಳೆಯ ಕಾನೂನನ್ನು ಹಿಡಿದರು: ಮೋಟೆಲಿನ ಬಿಲ್ಲುಗಳು ಲೂಯಿವಿಲ್‌ನ ಬ್ಯಾಂಕಿಗೆ ಅಂಚೆಯಲ್ಲಿ ಹೋಗಿದ್ದವಲ್ಲ! ಕೋರ್ಟ್ 5–4 ಬಹುಮತದಿಂದ ಇದನ್ನು ತಳ್ಳಿಹಾಕಿತು. ರೂಮು ಖಾಲಿ ಮಾಡಿ ಹೊರಟಾಗಲೇ ವಂಚನೆ ಮುಗಿದಿತ್ತು, ಅಂಚೆ ಆಮೇಲಿನ ಮಾತು ಎಂದು ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದರು. ಹೊಸ ಬಗೆಯ ವಂಚನೆಗೆ ಹೊಸ ಕಾನೂನು ಬರುವವರೆಗೆ ಅಂಚೆ ಕಾನೂನೇ ತಾತ್ಕಾಲಿಕ ಆಸರೆ ಎಂಬುದು ಭಿನ್ನಮತ ತಾಳಿದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಅವರ ವಾದ. ಕಾರು ಕದ್ದ ಆರೋಪ ಮಾತ್ರ ಕೆಳಗಿನ ಕೋರ್ಟುಗಳಲ್ಲೇ ನಿಂತಿತು. ಕಾರು ಎಂದರೆ ಕೋರ್ಟಿಗೆ ಗೊತ್ತಿದ್ದ ವಸ್ತು. ಇನ್ನೊಬ್ಬನ ಹೆಸರಿನಲ್ಲಿ ಊರೂರು ಸುತ್ತುವುದು ಇನ್ನೂ ಅದರ ಹಿಡಿತಕ್ಕೆ ಸಿಕ್ಕಿರಲಿಲ್ಲ.

ಲೈಸೆನ್ಸಿನ ಕಥೆ ಬೇರೆ ದಾರಿಯಲ್ಲಿ ಬಂತು. 1903ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು ಅದನ್ನು ಮೊದಲು ಕಡ್ಡಾಯ ಮಾಡಿದಾಗ ಅದು ಗಾಡಿ ಓಡಿಸುವ ಅನುಮತಿ ಮಾತ್ರ. ಅಮೆರಿಕದಲ್ಲಿ ರಾಷ್ಟ್ರೀಯ ಗುರುತಿನ ಚೀಟಿ ಇಲ್ಲದ್ದರಿಂದ ಚೆಕ್ ನಗದು ಮಾಡಲು, ಮದ್ಯ ಕೊಳ್ಳಲು, ಪೊಲೀಸರಿಗೆ ತೋರಿಸಲು ಇದೇ ಗುರುತಿನ ಚೀಟಿಯಾಯಿತು. ಕ್ಯಾಲಿಫೋರ್ನಿಯಾ 1958ರಲ್ಲಿ ಫೋಟೊ ಹಾಕತೊಡಗಿತು. ನ್ಯೂಯಾರ್ಕ್ ರಾಜ್ಯ 1984ರವರೆಗೆ ಕಾಯಿತು. ಮುಖವಿಲ್ಲದ ಲೈಸೆನ್ಸ್ ಯಾರ ಕೈಗೆ ಸಿಕ್ಕಿದರೂ ಅವರದೇ. 1982ರ ಕೇಂದ್ರ ಕಾಯ್ದೆ ಸುಳ್ಳು ಗುರುತಿನ ದಾಖಲೆಗಳನ್ನು ತಯಾರಿಸುವುದನ್ನೂ ಕೈಬದಲಾಯಿಸುವುದನ್ನೂ ಅಪರಾಧವಾಗಿಸಿ, ಜನನ ಪ್ರಮಾಣಪತ್ರದ ಜೊತೆಗೆ ಲೈಸೆನ್ಸನ್ನೂ ಹೆಸರಿಸಿತು. ಇಂದು ಅವುಗಳ ವಿಷಯದಲ್ಲಿ ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಎರಡು ವರ್ಷದ ನಂತರ, 1984ರಲ್ಲಿ ಬಂದ ಕಲಂ 1029 ಕಾರ್ಡು ಎಂಬ ವಸ್ತುವನ್ನೇ ಬಿಟ್ಟು ‘ಖಾತೆಗೆ ಪ್ರವೇಶ ಕೊಡುವ ಸಾಧನ’ ಎಂದು ಬರೆಯಿತು. ಸಂಖ್ಯೆ, ಸಂಕೇತ ಎಲ್ಲವೂ ಅದರೊಳಗೆ ಬಂದವು. ತನಿಖೆಯ ಅಧಿಕಾರ ಸೀಕ್ರೆಟ್ ಸರ್ವಿಸ್‌ಗೆ ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ನಂಬರು ಮಾತ್ರ ಕದಿಯುವ ಕಾಲಕ್ಕೂ ಈ ಮಾತು ಸಾಕಾಯಿತು. 13 ಕೋಟಿಗೂ ಹೆಚ್ಚು ಕಾರ್ಡ್ ನಂಬರುಗಳ ಕಳವಿನಲ್ಲಿ ಆಲ್ಬರ್ಟ್ ಗೊನ್ಜಾಲೆಜ್ ಎಂಬಾತನಿಗೆ 2010ರಲ್ಲಿ 20 ವರ್ಷ ಶಿಕ್ಷೆಯಾಯಿತು.

ಇಷ್ಟಾದರೂ ಕಾನೂನಿನ ಕಣ್ಣಿಗೆ ನೊಂದವನು ಬ್ಯಾಂಕೇ ಆಗಿದ್ದ. ಹೆಸರು ಕಳೆದುಕೊಂಡ ವ್ಯಕ್ತಿಗೆ ಬಹಳ ಸಲ ದೂರು ಬರೆಸುವುದೇ ಕಷ್ಟವಾಗುತ್ತಿತ್ತು. ಅರಿಜೋನ 1996ರಲ್ಲಿ ಗುರುತಿನ ಕಳವನ್ನು ಸ್ವತಂತ್ರ ಅಪರಾಧ ಮಾಡಿದ ಮೊದಲ ರಾಜ್ಯ. 1998ರಲ್ಲಿ ಕೇಂದ್ರ ಕಾಯ್ದೆ ಬಂತು. 2004ರ ಕಾಯ್ದೆ ಇನ್ನೂ ಬಿಗಿಯಾದದ್ದು: ಬೇರೊಂದು ಗಂಭೀರ ಅಪರಾಧಕ್ಕೆ ಇನ್ನೊಬ್ಬರ ಗುರುತು ಬಳಸಿದರೆ ಆ ಶಿಕ್ಷೆ ಮುಗಿದ ಮೇಲೆ ಮತ್ತೆರಡು ವರ್ಷ ಕಡ್ಡಾಯ ಜೈಲು. ಆ ಗುರುತು ನಿಜವಾದ ಒಬ್ಬ ವ್ಯಕ್ತಿಯದೆಂದು ಆರೋಪಿಗೆ ಗೊತ್ತಿರಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಗುರುತಿನ ದುರ್ಬಳಕೆ ವಂಚನೆಯ ತಿರುಳಿನಲ್ಲೇ ಇರಬೇಕೆಂದು 2023ರ ಡ್ಯೂಬಿನ್ ತೀರ್ಪು ಸರ್ವಾನುಮತದಿಂದ ಮಿತಿ ಹಾಕಿತು.

ಲೈಸೆನ್ಸ್ ದುರ್ಬಳಕೆಯ ಅತಿ ಕ್ರೂರ ರೂಪಕ್ಕೆ ಹಣದ ಸಂಬಂಧವೇ ಇಲ್ಲ. ಪೊಲೀಸರು ತಡೆದಾಗ ಕಳ್ಳ ಕದ್ದ ಲೈಸೆನ್ಸ್ ತೋರಿಸುತ್ತಾನೆ. ದಂಡ, ವಾರಂಟು, ಕೆಲವೊಮ್ಮೆ ಅಪರಾಧ ದಾಖಲೆಯೇ ನಿಜವಾದ ಒಡೆಯನ ಹೆಸರಿಗೆ ಬೀಳುತ್ತದೆ. ಆತನಿಗೆ ಇದು ತಿಳಿಯುವುದು ಕೆಲಸಕ್ಕೆ ಅರ್ಜಿ ಹಾಕಿದಾಗಲೋ ಕೈಗೆ ಬೇಡಿ ಬಿದ್ದಾಗಲೋ. ಬ್ಯಾಂಕು ಹಣ ತುಂಬಿಕೊಟ್ಟೀತು, ಈ ಕಳಂಕವನ್ನು ಅದು ತೊಳೆಯಲಾರದು. ಕ್ಯಾಲಿಫೋರ್ನಿಯಾದ ಕಲಂ 530.6 ಇಂಥವರು ನ್ಯಾಯಾಧೀಶರ ಮುಂದೆ ಹೋಗಿ ತಾವು ನಿರಪರಾಧಿ ಎಂಬ ನಿರ್ಣಯ ಪಡೆಯಲು ದಾರಿ ಮಾಡಿದೆ. ಸ್ವಂತ ಲೈಸೆನ್ಸನ್ನು ಗೆಳೆಯನಿಗೆ ಎರವಲು ಕೊಡುವುದೂ ಆ ರಾಜ್ಯದಲ್ಲಿ ಅಪರಾಧವೇ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಕೆಲವರು ಸುಳ್ಳು ವಿಳಾಸ ಕೊಟ್ಟು ವರ್ಜೀನಿಯದ ಗುರುತಿನ ಚೀಟಿ ಪಡೆದಿದ್ದರು. ಇಂಥ ಲೋಪಗಳನ್ನು ಮುಚ್ಚಲು 2005ರಲ್ಲಿ ‘ರಿಯಲ್ ಐಡಿ’ ಕಾಯ್ದೆ ಬಂತು. ವಿಮಾನ ನಿಲ್ದಾಣಗಳಲ್ಲಿ ಅದರ ಜಾರಿ ಶುರುವಾದದ್ದು 2025ರ ಮೇ 7ರಂದು.

ಭಾರತಕ್ಕೂ ಈ ಕಥೆಯ ಒಂದು ಎಳೆ ತಾಗಿದೆ. ನೋಯ್ಡಾದ ಕಾಲ್‌ಸೆಂಟರ್ ಉದ್ಯೋಗಿಯೊಬ್ಬ ಅಮೆರಿಕದ ಮಹಿಳೆಯ ಕಾರ್ಡ್ ನಂಬರಿನಿಂದ 2002ರಲ್ಲಿ ಟಿವಿ ತರಿಸಿಕೊಂಡ. ಮರುವರ್ಷ ಆತ ದೋಷಿಯೆಂದು ತೀರ್ಪಾಯಿತು. ಸೈಬರ್ ಅಪರಾಧದಲ್ಲಿ ಭಾರತದ ಮೊದಲ ಶಿಕ್ಷೆಯೆಂದು ಹೆಸರಾದ ಈ ಪ್ರಕರಣದಲ್ಲಿ ಬಳಕೆಯಾದದ್ದು ಹಳೆಯ ದಂಡಸಂಹಿತೆಯ ವಂಚನೆಯ ಕಲಂಗಳೇ. ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2009ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಕಲಂ 66ಸಿ, ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವುದಕ್ಕೆ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಿತು. ಲೈಸೆನ್ಸಿನ ಮಟ್ಟಿಗೆ ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ 1988ರಿಂದಲೇ ಸ್ಪಷ್ಟ ಮಾತಿದೆ: ಲೈಸೆನ್ಸ್ ಇರುವವರು ಅದನ್ನು ಬೇರೆ ಯಾರಿಗೂ ಬಳಸಲು ಬಿಡಕೂಡದು.