ಮನೆಯ ಕಡತಗಳಿಗೊಂದು ಹೆಸರು

ಶ್ರೀರಂಗಪಟ್ಟಣಕ್ಕೆ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿಯವರು ಕಾರ್ಖಾನೆಯೊಂದನ್ನು ಸ್ಥಾಪಿಸಿ, ರೈತರು ಕಾಯಿಸಿದ ಬೆಲ್ಲವನ್ನು ಕೊಂಡು ಶುದ್ಧೀಕರಿಸಿ ಸಕ್ಕರೆ ತಯಾರಿಸುತ್ತಿದ್ದರಾದರೂ, ಅದಕ್ಕೆ ಊರಿನ ಹೆಸರನ್ನಿಡದೆ ಸೀಮೆಯ ಹೆಸರಾದ ಅಷ್ಟಗ್ರಾಮವನ್ನೇ ಇಟ್ಟರು. ಕಾರ್ಖಾನೆ ಇಂದಿಲ್ಲ, ಹೆಸರು ಮಾತ್ರ ಹಳೆಯ ಗ್ಯಾಸೆಟಿಯರಿನಲ್ಲಿ ಉಳಿದಿದೆ. ವಸ್ತುವಿರುವ ನೆಲೆ ಬೇರೆ, ಅದನ್ನು ಕರೆಯುವ ಹೆಸರು ಬೇರೆ ಎಂಬ ಈ ಭೇದವನ್ನೇ ಆಧಾರವಾಗಿಸಿಕೊಂಡು, ನೂರು ಚಿಲ್ಲರೆ ವರ್ಷಗಳ ತರುವಾಯ, ಗಣಕಯಂತ್ರಗಳ ಲೋಕದಲ್ಲಿ ಒಂದು ಮಹಾವ್ಯವಸ್ಥೆ ನಿರ್ಮಾಣವಾಯಿತು.

ಅಮೆರಿಕದ ಆರ್ಪಾನೆಟ್ ಎಂಬ ಗಣಕಜಾಲದಲ್ಲಿ ಯಂತ್ರಗಳು ಕೆಲವೇ ಇದ್ದ ಕಾಲದಲ್ಲಿ, ಅವುಗಳ ಹೆಸರನ್ನೂ ಅಂಕಿಯ ವಿಳಾಸವನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುವ ಹೊಣೆ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನದಾಗಿದ್ದು, ಎಲಿಜಬೆತ್ ಫೈನ್ಲರ್ ಎಂಬಾಕೆಯ ಬಳಗ ಅದನ್ನು ತಿದ್ದಿ ತೀಡಿ ಕಾಪಾಡುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಒಂದು ಕಚೇರಿಯಿಂದ ಈ ಭಾರವನ್ನು ಹೊರಲಾಗದೆಂಬುದು ಸ್ಪಷ್ಟವಾಗಲು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ಡೊಮೇನ್ ಹೆಸರುಗಳ ಕ್ರಮವನ್ನು ರೂಪಿಸಿದನು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಅಧಿಕಾರವು ದಿವಾನರಿಂದ ಅಮಲ್ದಾರರಿಗೂ ಅವರಿಂದ ಶೇಕದಾರ ಶ್ಯಾನುಭೋಗರಿಗೂ ಇಳಿದು ಬರುತ್ತಿದ್ದಂತೆ, ಇಲ್ಲಿಯೂ ಮೇಲಿನವರು ಕೆಳಗಿನವರ ಪಟ್ಟಿಯನ್ನೆಲ್ಲ ತಾವೇ ಹೊತ್ತುಕೊಳ್ಳದೆ, ಅದು ಯಾರ ಬಳಿ ಇದೆಯೆಂಬುದನ್ನಷ್ಟೇ ತೋರಿಸುತ್ತಾರೆ. ಈ ಯುಕ್ತಿಯ ಸರಳತೆಗೆ ತಲೆದೂಗದಿರಲು ನನ್ನಿಂದಾಗದು.

ಭಾರತದ ಡೊಮೇನ್ ಹೆಸರುಗಳಿಗೆ .ಇನ್ ಎಂಬ ಕೊನೆ 1989ರಲ್ಲಿ ದೊರೆಯಿತು. 2005ರಿಂದ ಅದು ಸಾರ್ವಜನಿಕರಿಗೆ ಧಾರಾಳವಾಗಿ ತೆರೆದುಕೊಂಡಿತು. ಈಗ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದು .ಭಾರತ ಎಂದು ಮುಗಿಸಲೂ ಬರುತ್ತದೆ. ಆದರೂ ಯಂತ್ರವು ಪ್ಯುನಿಕೋಡ್ ಎಂಬ ಕ್ರಮದಿಂದ ಅದನ್ನು ರೋಮನ್ ಅಕ್ಷರ, ಅಂಕಿಗಳ ಅರ್ಥಹೀನ ಸರಣಿಯನ್ನಾಗಿಸಿಯೇ ಸಾಗಿಸುವುದು. ಕನ್ನಡಿಗನಿಗೆ ಇದರಿಂದ ತುಸು ಮುನಿಸುಂಟಾದರೆ ತಪ್ಪಿಲ್ಲ.

ಇನ್ನು ಪಾಲಹಳ್ಳಿಯ ಗೃಹಸ್ಥನೊಬ್ಬನು ಮನೆಯ ಮೂಲೆಯಲ್ಲಿ ಕಡತಗಳ ಸರ್ವರ್ ಒಂದನ್ನಿರಿಸಿ, ಮದುವೆಯ ಫೋಟೋಗಳನ್ನೂ ಪಹಣಿಯ ಪ್ರತಿಗಳನ್ನೂ ಬೆಂಗಳೂರಿನ ಮಕ್ಕಳು ಅಲ್ಲಿಂದಲೇ ತೆಗೆದುಕೊಳ್ಳಲೆಂದು ಬಯಸಿದನೆನ್ನೋಣ. ಹೆಸರು ವರ್ಷಕ್ಕಿಷ್ಟೆಂಬ ಶುಲ್ಕಕ್ಕೆ ಸಿಗುತ್ತದೆ. ನವೀಕರಿಸದಿದ್ದರೆ ಕೆಲಕಾಲದ ಬಳಿಕ ಪರರ ಪಾಲಾಗಬಹುದು. ಆದರೆ ಮನೆಯ ಅಂಕಿಯ ವಿಳಾಸ ಸಾಮಾನ್ಯವಾಗಿ ಸ್ಥಿರವಲ್ಲ. ರೂಟರನ್ನು ಆರಿಸಿ ಹೊತ್ತಿಸಿದಾಗ ಅದು ಬದಲಾಗುವುದುಂಟು. ಆದುದರಿಂದ ಹೊಸ ವಿಳಾಸವನ್ನು ಆಗಾಗ್ಗೆ ಹೆಸರಿನ ಪಟ್ಟಿಗೆ ತಾನಾಗಿಯೇ ತಿಳಿಸುವ ಡೈನಾಮಿಕ್ ಡಿಎನ್‌ಎಸ್ ಬೇಕಾಯಿತು. ತೊಡಕು ಇಷ್ಟಕ್ಕೇ ತೀರದು. ಜಗತ್ತಿನ ಹಳೆಯ ಮಾದರಿಯ ವಿಳಾಸಗಳ ಮೂಲ ಭಂಡಾರ 2011ರ ಫೆಬ್ರವರಿಯಲ್ಲಿ ಬರಿದಾಗಿದ್ದು, ವಿಳಾಸಗಳ ಅಭಾವದಿಂದ ಅಂತರ್ಜಾಲ ಸಂಪರ್ಕ ಕೊಡುವ ಅನೇಕ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕುತ್ತವೆ. ಅಂಥ ಕಡೆ ಹೆಸರು ಎಷ್ಟು ಸರಿಯಿದ್ದರೂ ಕರೆ ಮನೆಯವರೆಗೆ ಬಂದು ಮುಟ್ಟದು. ಸ್ಥಿರ ವಿಳಾಸಕ್ಕೆ ಬೇರೆ ಹಣ ತೆರಬೇಕು, ಇಲ್ಲವೆ ಐಪಿವಿ6 ಎಂಬ ಹೊಸ ಮಾದರಿಯ ವಿಳಾಸವನ್ನು ಆಶ್ರಯಿಸಬೇಕು. ಮನೆಯೊಳಗಿನ ಬಳಕೆಗಷ್ಟೇ ಆದರೆ 2018ರಲ್ಲಿ ಮೀಸಲಿರಿಸಿದ ಹೋಮ್.ಆರ್ಪಾ ಎಂಬ ಕೊನೆ ಶುಲ್ಕವಿಲ್ಲದೆ ದೊರೆಯುವುದಾದರೂ, ಬೆಂಗಳೂರಿನ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.