ಮಕ್ಕಳ ಸುರಕ್ಷತೆ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದಿನಾಂಕ 17-12-2020ರ ಸಂಜೆ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನನ್ನು ಮನೆಯ ಸಮೀಪದಿಂದಲೇ ಕಾರಿನಲ್ಲಿ ಅಪಹರಿಸಲಾಗಿತ್ತು. ದಿನಾಂಕ 19-12-2020ರಂದು ಪೊಲೀಸರು ಬಾಲಕನನ್ನು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಪತ್ತೆ ಮಾಡಿ ಸುರಕ್ಷಿತವಾಗಿ ಬಿಡಿಸಿದರು. ಅಪಹೃತ ಮಗುವನ್ನು ಅಲ್ಪಾವಧಿಯಲ್ಲಿಯೇ ಬಹುದೂರ ಸಾಗಿಸುವ ಸಾಧ್ಯತೆ ಇರುವುದರಿಂದ, ದೂರು ನೀಡುವಲ್ಲಿ ವಿಳಂಬ ಸಲ್ಲದು.

1. ಮಗು ಕಾಣೆಯಾದಲ್ಲಿ

ದೂರು ನೀಡಲು 24 ಗಂಟೆ ಕಾಯಬೇಕೆಂಬ ನಿಯಮ ಇರುವುದಿಲ್ಲ. ಕಾಣೆಯಾದ ಮಗುವಿನ ಬಗ್ಗೆ ದೂರು ಬಂದಲ್ಲಿ, ಅಪಹರಣ ಅಥವಾ ಮಾನವ ಕಳ್ಳಸಾಗಣೆ ನಡೆದಿದೆಯೆಂದು ಭಾವಿಸಿ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಿನಲ್ಲಿ ಆದೇಶಿಸಿದೆ.

ಬಂಟ್ವಾಳ ಮತ್ತು ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಗೂ, ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೂ ಸೇರಿರುತ್ತವೆ. ಆದರೆ ವೇಣೂರಿನ ಮಗು ಮೂಡುಬಿದಿರೆಯಲ್ಲಿ ಕಾಣೆಯಾದರೂ ಪಾಲಕರು ಸರಹದ್ದಿನ ಬಗ್ಗೆ ಚಿಂತಿಸಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಕೃತ್ಯವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಬಹುದು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು.

ಒದಗಿಸಬೇಕಾದ ವಿವರಗಳು:
(ಅ) ಮಗುವಿನ ಇತ್ತೀಚಿನ ಭಾವಚಿತ್ರ, ವಯಸ್ಸು, ಎತ್ತರ, ಗುರುತು ಮತ್ತು ಧರಿಸಿದ್ದ ಉಡುಪು
(ಆ) ಕೊನೆಯದಾಗಿ ಕಂಡ ಸ್ಥಳ, ಸಮಯ ಹಾಗೂ ಕಂಡವರ ಹೆಸರು
(ಇ) ಸಂಶಯಾಸ್ಪದ ವಾಹನದ ಸಂಖ್ಯೆ ಅಥವಾ ಬಣ್ಣ; ಬಂದ ಕರೆ, ಸಂದೇಶ

ಜನನ ಪ್ರಮಾಣಪತ್ರ ಮುಂತಾದ ದಾಖಲೆಗಳನ್ನು ಹುಡುಕುತ್ತಾ ಕಾಲಹರಣ ಮಾಡಬಾರದು. ಅವುಗಳನ್ನು ನಂತರ ಸಲ್ಲಿಸಬಹುದು.

2. ಒಂಟಿ ಮಗು ಕಂಡುಬಂದಲ್ಲಿ

ಬಸ್ ನಿಲ್ದಾಣ, ಜಾತ್ರೆ ಅಥವಾ ಸಂತೆಯಲ್ಲಿ ಪಾಲಕರಿಲ್ಲದ ಮಗು ಕಂಡಲ್ಲಿ ಮನೆಯಲ್ಲಿರಿಸಿಕೊಳ್ಳದೆ ಕೂಡಲೇ 1098 ಅಥವಾ ಪೊಲೀಸರಿಗೆ ತಿಳಿಸತಕ್ಕದ್ದು. ಬಾಲನ್ಯಾಯ ಕಾಯ್ದೆ, 2015ರಂತೆ ಅಂತಹ ಮಗುವನ್ನು, ಪ್ರಯಾಣದ ಅವಧಿ ಹೊರತುಪಡಿಸಿ, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

3. ಲೈಂಗಿಕ ದೌರ್ಜನ್ಯ

ಇಂತಹ ಬಹುಪಾಲು ಪ್ರಕರಣಗಳಲ್ಲಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಆದುದರಿಂದ ಅಪರಿಚಿತರ ಬಗ್ಗೆ ಮಾತ್ರ ಎಚ್ಚರಿಸಿದರೆ ಸಾಲದು. ಯಾರೇ ಆಗಲಿ, ಅನುಚಿತವಾಗಿ ಮುಟ್ಟಿದಲ್ಲಿ ಅಥವಾ ಗುಟ್ಟಾಗಿಡಲು ಹೇಳಿದಲ್ಲಿ, ಮನೆಯಲ್ಲಿ ತಿಳಿಸುವಂತೆ ಮಕ್ಕಳಿಗೆ ಕಲಿಸಬೇಕು. ಪೋಕ್ಸೋ ಕಾಯ್ದೆ, 2012ರ ಕಲಂ 19ರಂತೆ ಕೃತ್ಯದ ಅರಿವಿರುವ ಪ್ರತಿಯೊಬ್ಬರೂ ವರದಿ ಮಾಡತಕ್ಕದ್ದು. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಲು ಅವಕಾಶವಿದ್ದು, ದಾಖಲಿಸುವ ಪೊಲೀಸ್ ಅಧಿಕಾರಿಯು ಸಮವಸ್ತ್ರದಲ್ಲಿ ಇರತಕ್ಕದ್ದಲ್ಲ. ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವಂತಿಲ್ಲ.

4. ನೀರಿನ ಅಪಾಯ

ಕೆಂಪುಕಲ್ಲಿನ ಕೋರೆಗಳು ಮಳೆಗಾಲದಲ್ಲಿ ತುಂಬಿ, ಆಳ ತಿಳಿಯದಂತಾಗುತ್ತವೆ. ಕಡಿದಾದ ಗೋಡೆಗಳಿಂದಾಗಿ ಬಿದ್ದ ಮಗು ಮೇಲೇರಲಾಗುವುದಿಲ್ಲ. ಬೇಲಿಯಿಲ್ಲದ ಕೋರೆ, ದಂಡೆಯಿಲ್ಲದ ಬಾವಿ ಮತ್ತು ಮುಚ್ಚದ ಕೊಳವೆಬಾವಿಗಳ ಬಗ್ಗೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮಳೆಗಾಲದಲ್ಲಿ ತೋಡು, ಕಾಲುಸಂಕ ದಾಟುವ ಶಾಲಾ ಮಕ್ಕಳೊಂದಿಗೆ ಹಿರಿಯರೊಬ್ಬರು ಇರತಕ್ಕದ್ದು.

5. ಸಂಪರ್ಕ

ತುರ್ತು ಸೇವೆ: 112
ಮಕ್ಕಳ ಸಹಾಯವಾಣಿ: 1098 (ದಿನದ 24 ಗಂಟೆ, ಉಚಿತ)