ಸೊನ್ನೆಯಿಂದ ಗುಣಿಸಿದ ಮೇಲೂ 14 ವಾಪಸ್ ಬಂದದ್ದು ಹೇಗೆ?

ನಾನಿರೋದು ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ, ಕೆಲಸ ಲೆಕ್ಕದ ಕೋಡ್ ಬರೆಯೋದು. ಇಲ್ಲಿಂದ ವಾಡಿ ಕಡೆ ಹೋಗುವ ಹಳಿ 1874ರದ್ದು, ನಿಜಾಮರ ಕಾಲದ್ದು. ಅದರ ಮೇಲೆ ತಾಂಡೂರು, ಸೇಡಂ ದಾಟಿದರೆ ಮಳಖೇಡ ರೋಡ್ ಅಂತ ಒಂದು ಸ್ಟೇಷನ್ ಸಿಗುತ್ತೆ. ಆ ಮಳಖೇಡವೇ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ನಮ್ಮಂಥವರಿಗೆ ಇವತ್ತೂ ಎದುರಾಗುವ ಒಂದು ತೊಡಕು ಅದರಲ್ಲಿದೆ.

ಒಂದು ಸಂಖ್ಯೆಯನ್ನು ಬದಲಾಯಿಸಿದ್ದೀರಿ, ಈಗ ಅದನ್ನು ಮೊದಲಿನಂತೆ ವಾಪಸ್ ತರಬೇಕು. ಹೆಜ್ಜೆಗಳನ್ನು ತಿರುಗಿಸೋದು ಸುಲಭ. ಗುಣಿಸಿದ್ದನ್ನು ಭಾಗಿಸು, ಕೂಡಿದ್ದನ್ನು ಕಳೆ ಅಂತ ಆರ್ಯಭಟನೇ ಹೇಳಿಬಿಟ್ಟಿದ್ದ. ಆದರೆ ವಾಪಸ್ ಬರೋದು ಯಾವ ಬಗೆಯ ಸಂಖ್ಯೆ?

ವರ್ಗವನ್ನು ತಿರುಗಿಸಿದರೆ ವರ್ಗಮೂಲ. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ ಎಂದ ಮಹಾವೀರ. ಕಾಲ್ಪನಿಕ ಸಂಖ್ಯೆ ಅವನಿಗೆ ಹೊಳೆಯಲಿಲ್ಲ ಅಂತ ಮೂಗು ಮುರಿಯೋದು ನನಗೆ ಸರಿ ಕಾಣೋದಿಲ್ಲ. ಜೂಲಿಯಾ ಭಾಷೆಯಲ್ಲಿ ಸಾದಾ -1ರ ವರ್ಗಮೂಲ ಕೇಳಿ ನೋಡಿ. ಎರರ್ ಬರುತ್ತೆ, ಬೇಕಿದ್ದರೆ ಕಾಂಪ್ಲೆಕ್ಸ್ ಸಂಖ್ಯೆ ಮಾಡಿ ಕೇಳು ಅನ್ನುತ್ತೆ. ಸಂಖ್ಯೆಯ ಬಗೆ ಗೊತ್ತಿಲ್ಲದೆ ತಿರುಗಿಸಬೇಡ ಅನ್ನೋದೇ ಅಲ್ಲವಾ ಇದು?

ಅವನು ಎಡವಿದ್ದು ಸೊನ್ನೆಯಲ್ಲಿ. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೇ ಉಳಿಯುತ್ತೆ ಎಂದುಬಿಟ್ಟ.

ಮುನ್ನೂರು ವರ್ಷಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯನ 'ಲೀಲಾವತಿ' ಬಂತು. (ಅವನು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೋ, ಮಹಾರಾಷ್ಟ್ರದ ಊರೋ, ಆ ಜಗಳ ಇನ್ನೊಂದು ದಿನ ಆಡೋಣ.) ಅದರಲ್ಲೊಂದು ತುಂಟ ಲೆಕ್ಕ. ಯಾವುದೋ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63. ಸಂಖ್ಯೆ ಯಾವುದು?

ಮೊದಲ ಹೆಜ್ಜೆಯಲ್ಲೇ ಸೊನ್ನೆ ಅಂತ ಬರೆದರೆ ಕಥೆ ಮುಗೀತು, ಒಳಗೆ ಯಾವ ಸಂಖ್ಯೆ ಇತ್ತು ಅನ್ನೋದು ಅಳಿಸಿಹೋಯ್ತು. ಭಾಸ್ಕರನ ನಿಯಮ ಬೇರೆ. ಲೆಕ್ಕ ಇನ್ನೂ ಬಾಕಿಯಿದ್ದರೆ ಅದನ್ನು 'ಖಗುಣ' ಅಂತ, ಅಂದರೆ ಸೊನ್ನೆಯಿಂದ ಗುಣಿಸಿದ ಸಂಖ್ಯೆ ಅಂತಲೇ ಇಟ್ಟುಕೊಳ್ಳಬೇಕು. ಮುಂದೆ ಸೊನ್ನೆಯೇ ಭಾಜಕವಾಗಿ ಬಂದರೆ ಸಂಖ್ಯೆ ಕೆಡದೆ ಉಳಿಯುತ್ತೆ. ಈಗ ಹಿಂದಕ್ಕೆ ಬನ್ನಿ. 63ನ್ನು ಮೂರರಿಂದ ಭಾಗಿಸಿದರೆ 21. ಅರ್ಧ ಕೂಡಿಸಿದ್ದೆವಲ್ಲ, ಈಗ ಅರ್ಧ ಕಳೆಯಬಾರದು, ಮೂರನೇ ಒಂದು ಕಳೆಯಬೇಕು. 21ರಲ್ಲಿ 7 ಹೋದರೆ 14. ಎಷ್ಟೋ ಜನ ಆ ಅರ್ಧದ ಹತ್ತಿರವೇ ಜಾರುತ್ತಾರೆ.

ಭಾಸ್ಕರನಿಗೆ ಕಂಪ್ಯೂಟರ್ ಗೊತ್ತಿತ್ತು ಅಂತ ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ ಮತ್ತೆ. ಸೊನ್ನೆಗೆ ಸೊನ್ನೆ ಹೊಡೆಯೋ ಈ ನಿಯಮವನ್ನು ಇವತ್ತಿನ ಗಣಿತ ಹೀಗೇ ಒಪ್ಪೋದಿಲ್ಲ. ನಾನು ನೋಡ್ತಿರೋದು ಅವನ ಎಚ್ಚರವನ್ನ.

ಯಾಕಂದ್ರೆ ನಮ್ಮ ಕೋಡಿನಲ್ಲಿ ಆಗೋದು ಹೀಗೆ. 2 ಅನ್ನೋ ಪೂರ್ಣಾಂಕದ ಲಾಗ್ ತೆಗೆದರೆ 0.693. ಉತ್ತರ ಇಡಲಿಕ್ಕೆ ಮಾಡಿದ ಅರೇಯ ಎಲಿಮೆಂಟ್ ಟೈಪನ್ನು ಬಂದ ಸಂಖ್ಯೆ ನೋಡಿ ಪೂರ್ಣಾಂಕ ಅಂತಲೇ ಇಟ್ಟಿದ್ದರೆ, ನಮ್‌ಪೈ ತುಟಿ ಬಿಚ್ಚದೆ ಅದನ್ನು 0 ಮಾಡುತ್ತೆ. ಈಗ ತಿರುಗಿಸಿ: e ಘಾತ 0 ಅಂದರೆ 1. ಹೋದದ್ದು 2, ಬಂದದ್ದು 1, ಎರರ್ ಒಂದೂ ಇಲ್ಲ! ಜೂಲಿಯಾ ಇಲ್ಲೂ ತಡೆದು ನಿಲ್ಲಿಸುತ್ತೆ.

ಹಾಗಾದ್ರೆ ಎಲ್ಲವನ್ನೂ 64 ಬಿಟ್ ದಶಮಾಂಶ ಮಾಡಿಬಿಡೋಣ ಅನ್ನಬಹುದು. ಅದೂ ನಡೆಯೋಲ್ಲ. ಅವಕಲನವನ್ನು ಯಂತ್ರವೇ ಮಾಡುವಾಗ ಸಂಖ್ಯೆಗೆ ಒಂದು ಬಾಲ ಇರುತ್ತೆ, ಎಪ್ಸಿಲಾನ್. ಅದರ ವರ್ಗ ಸೊನ್ನೆ. 1873ರಲ್ಲಿ ಕ್ಲಿಫರ್ಡ್ ಕೊಟ್ಟ ಡ್ಯುಯಲ್ ಸಂಖ್ಯೆ ಇದು. ಬರಿಯ ದಶಮಾಂಶದ ಅರೇಯಲ್ಲಿ ಆ ಬಾಲಕ್ಕೆ ಜಾಗವಿಲ್ಲ. ಅದಕ್ಕೇ ಈಗ ಅರೇಯ ಟೈಪನ್ನು ಒಳಬಂದ ಸಂಖ್ಯೆಯಿಂದಲೂ ತೆಗೆಯೋದಿಲ್ಲ, ಕೈಯಾರೆ 64 ಅಂತಲೂ ಬರೆಯೋದಿಲ್ಲ. ತಿರುಗಿಸುವ ಲೆಕ್ಕವನ್ನು ಒಂದು ಸಂಖ್ಯೆಯ ಮೇಲೆ ನಡೆಸಿ, ಏನು ಬಗೆ ಬಂತೋ ಅದರ ಅರೇ ಮಾಡ್ತಾರೆ.